ಬರ್ಗ್‌ಮನ್ ಪೆಟ್ಟಿಗೆ: ಮೂವತ್ತು ಡಿಸ್ಕುಗಳಲ್ಲಿ ಒಂದು ಮೇಳ

ಸ್ವೀಡನ್ನಿನ ಚಲನಚಿತ್ರ ನಿರ್ದೇಶಕ ಇಂಗ್ಮಾರ್ ಬರ್ಗ್‌ಮನ್ ಹುಟ್ಟಿ ನೂರು ವರ್ಷ ತುಂಬಿದ 2018ರ ನವೆಂಬರಿನಲ್ಲಿ, ಅಮೆರಿಕದ ಕ್ರೈಟೀರಿಯನ್ ಸಂಸ್ಥೆಯು ಅವರ 39 ಚಿತ್ರಗಳನ್ನು 30 ಬ್ಲೂ-ರೇ ಡಿಸ್ಕುಗಳಲ್ಲಿ ಅಡಕಗೊಳಿಸಿ, 248 ಪುಟಗಳ ಪುಸ್ತಕವೊಂದನ್ನು ಜೊತೆಗಿಟ್ಟು, ‘ಇಂಗ್ಮಾರ್ ಬರ್ಗ್‌ಮನ್ಸ್ ಸಿನಿಮಾ’ ಎಂಬ ಹೆಸರಿನಲ್ಲಿ ಒಂದು ಭಾರೀ ಪೆಟ್ಟಿಗೆಯನ್ನು ಹೊರತಂದಿತು. ಸಾಗರದ ಆಸುಪಾಸಿನ ನಾವು ಕೆಲವು ಗೆಳೆಯರು ವಂತಿಗೆ ಹಾಕಿ ಅದನ್ನು ತರಿಸಿಕೊಂಡು, ಮಳೆಗಾಲವಿಡೀ ಸರದಿಯ ಮೇಲೆ ಒಬ್ಬೊಬ್ಬರ ಮನೆಯಲ್ಲಿ ಕುಳಿತು ನೋಡಿದೆವು. ಕೊಳ್ಳಬೇಕೆಂದುಕೊಂಡಿರುವವರಿಗೆ ಪೆಟ್ಟಿಗೆಯ ಗುಣದೋಷಗಳನ್ನು ತಿಳಿಸುವುದು ಈ ಬರಹದ ಉದ್ದೇಶ. ಆದರೆ ಸತ್ತ ನಿರ್ದೇಶಕನೊಬ್ಬನ ಬದುಕಿನ ದುಡಿಮೆಯೆಲ್ಲ ಒಂದೇ ಕಡೆ ಸಿಕ್ಕಾಗ ಆತನ ಬಗ್ಗೆ ನಾವು ಇಟ್ಟುಕೊಂಡ ಚಿತ್ರ ಎಷ್ಟು ಬದಲಾಗುತ್ತದೆ ಎಂಬುದನ್ನು ಹೇಳದೆ ಆ ಕೆಲಸ ಪೂರ್ತಿಯಾಗುವುದಿಲ್ಲ.

ನಮ್ಮ ಸೀಮೆಗೆ ಬರ್ಗ್‌ಮನ್ ಹೊಸಬರಲ್ಲ. ಹೆಗ್ಗೋಡಿನಲ್ಲಿ 1973ರಲ್ಲಿ ನೀನಾಸಂ ಚಿತ್ರಸಮಾಜ ಆರಂಭವಾದ ಮೇಲೆ, ಜಗತ್ತಿನ ದೊಡ್ಡ ನಿರ್ದೇಶಕರ ಹೆಸರುಗಳು ಅಡಿಕೆ ತೋಟದ ಮನೆಗಳ ಜಗಲಿಯ ಮಾತಿನಲ್ಲೂ ಸುಳಿಯತೊಡಗಿದವು. ಆದರೆ ನವ್ಯದ ಕಾಲದ ಓದುಗರಿಗೆ ದಕ್ಕಿದ ಬರ್ಗ್‌ಮನ್ ಬಹುಮಟ್ಟಿಗೆ ಒಬ್ಬ ತತ್ತ್ವಜ್ಞಾನಿ: ಸಾವಿನೊಡನೆ ಚದುರಂಗ ಆಡುವ ಯೋಧನನ್ನು ಸೃಷ್ಟಿಸಿದವರು, ಪಾದ್ರಿಯ ಮಗನಾಗಿ ಹುಟ್ಟಿ ದೇವರ ಮೌನದ ಬಗ್ಗೆ ಚಿತ್ರ ಮಾಡಿದವರು, ನಗು ಬಾರದವರು. ಎರಡೋ ಮೂರೋ ಚಿತ್ರಗಳನ್ನು ನೋಡಿ ಹತ್ತು ಲೇಖನಗಳನ್ನು ಓದಿದರೆ ಇಂಥ ಚಿತ್ರವೇ ಮೂಡುತ್ತದೆ. 39 ಚಿತ್ರಗಳನ್ನು ಸಾಲಾಗಿ ನೋಡಿದವನಿಗೆ ಕಾಣುವುದು ಬೇರೆ ಮನುಷ್ಯ. ಆತ ಮೊದಲಿಗೆ ರಂಗಭೂಮಿಯವನು, ಮತ್ತು ಒಂದು ತಂಡದ ಯಜಮಾನ.

ಬರ್ಗ್‌ಮನ್ 1944ರಲ್ಲಿ ಹೆಲ್ಸಿಂಗ್‌ಬೋರ್ಗಿನ ನಗರ ರಂಗಮಂದಿರದ ಹೊಣೆ ಹೊತ್ತವರು. 1952ರಿಂದ 1958ರವರೆಗೆ ಮಾಲ್ಮೋದಲ್ಲಿ ನಾಟಕ ನಿರ್ದೇಶಿಸಿದವರು. 1963ರಿಂದ ಮೂರು ವರ್ಷ ಸ್ಟಾಕ್‌ಹೋಮಿನ ರಾಯಲ್ ಡ್ರಮಾಟಿಕ್ ಥಿಯೇಟರಿನ ಮುಖ್ಯಸ್ಥರಾಗಿದ್ದವರು. ಚಳಿಗಾಲದಲ್ಲಿ ನಾಟಕ, ಬೇಸಿಗೆಯಲ್ಲಿ ಸಿನಿಮಾ ಎಂಬುದು ಅವರ ವರ್ಷಚಕ್ರವಾಗಿತ್ತು, ಎರಡರಲ್ಲೂ ನಟರು ಬಹುಪಾಲು ಒಂದೇ ಬಳಗದವರು. ಮಳೆ ಹಿಡಿಯುವವರೆಗೂ ತಿರುಗಾಟ ನಡೆಸುವ ಯಕ್ಷಗಾನ ಮೇಳದಲ್ಲಿ ನಿನ್ನೆ ರಾಜನಾಗಿದ್ದವನು ಇವತ್ತು ದೂತನಾಗಿ ಬರುವಂತೆ, ಇಲ್ಲಿಯೂ ಒಂದು ಚಿತ್ರದ ನಾಯಕ ಮುಂದಿನ ಚಿತ್ರದಲ್ಲಿ ನಾಲ್ಕು ಮಾತಿನ ಪಾತ್ರಕ್ಕೆ ಬಂದು ಹೋಗುತ್ತಾನೆ. ‘ದಿ ಸೆವೆಂತ್ ಸೀಲ್’ ಚಿತ್ರದಲ್ಲಿ ಯೋಧನಾದ ಮ್ಯಾಕ್ಸ್ ಫಾನ್ ಸೀಡೋ ಅದೇ ವರ್ಷ, ಅಂದರೆ 1957ರಲ್ಲಿ, ‘ವೈಲ್ಡ್ ಸ್ಟ್ರಾಬೆರೀಸ್’ ಚಿತ್ರದಲ್ಲಿ ಪೆಟ್ರೋಲ್ ಬಂಕಿನವನಾಗಿ ಕೆಲವೇ ನಿಮಿಷ ಕಾಣಿಸಿಕೊಳ್ಳುತ್ತಾರೆ. ಬಿಡಿ ಡಿಸ್ಕಿನಲ್ಲಿ ಇದು ಕುತೂಹಲದ ಸಂಗತಿಯಷ್ಟೇ; ಪೆಟ್ಟಿಗೆಯಲ್ಲಿ ಮಾತ್ರ ಇದೊಂದು ಕೆಲಸದ ಕ್ರಮವೆಂದು ಅರಿವಿಗೆ ಬರುತ್ತದೆ.

ಈ ಕಾರಣಕ್ಕೇ ಪೆಟ್ಟಿಗೆಯ ಜೋಡಣೆಯ ಬಗ್ಗೆ ನನಗೆ ತಕರಾರಿದೆ. ಚಿತ್ರಗಳನ್ನು ಕಾಲಾನುಕ್ರಮದಲ್ಲಿ ಇಡದೆ, ಚಿತ್ರೋತ್ಸವವೊಂದರ ಮಾದರಿಯಲ್ಲಿ ಉದ್ಘಾಟನೆಯ ರಾತ್ರಿ, ಜೋಡಿ ಪ್ರದರ್ಶನಗಳು, ನಡುನಡುವೆ ಪ್ರಧಾನ ಪ್ರದರ್ಶನಗಳು, ಸಮಾರೋಪದ ರಾತ್ರಿ ಎಂದು ಜೋಡಿಸಲಾಗಿದೆ. 1955ರ ಹಾಸ್ಯಚಿತ್ರ ‘ಸ್ಮೈಲ್ಸ್ ಆಫ್ ಎ ಸಮ್ಮರ್ ನೈಟ್’ನಿಂದ ಆರಂಭ, 1982ರ ‘ಫ್ಯಾನಿ ಅಂಡ್ ಅಲೆಕ್ಸಾಂಡರ್’ನಿಂದ ಮುಕ್ತಾಯ. ಹಾಸ್ಯದಿಂದ ಶುರುಮಾಡಿರುವುದು ಜಾಣತನವೇ ಸರಿ. ಬರ್ಗ್‌ಮನ್ ಎಂದರೆ ತಲೆನೋವು ಎಂದು ಹಿಂಜರಿಯುತ್ತಿದ್ದ ನಮ್ಮ ಗುಂಪಿನ ಇಬ್ಬರು ಮೊದಲ ಸಂಜೆಯೇ ಮನಸೋತರು. ಆದರೆ ಈ ಕ್ರಮದಲ್ಲಿ ನೋಡಿದರೆ ನಟರ ವಯಸ್ಸು ಹಿಂದೆಮುಂದೆ ಆಗುತ್ತದೆ. ಹ್ಯಾರಿಯೆಟ್ ಆಂಡರ್ಸನ್ 1953ರ ‘ಸಮ್ಮರ್ ವಿತ್ ಮೋನಿಕಾ’ದಲ್ಲಿ ಇಪ್ಪತ್ತರ ಹುಡುಗಿಯಾಗಿ, ಸಿಗರೇಟು ಹೊತ್ತಿಸಿಕೊಂಡು, ನೇರವಾಗಿ ಕ್ಯಾಮೆರಾವನ್ನೇ ದಿಟ್ಟಿಸುತ್ತಾರೆ, 1972ರ ‘ಕ್ರೈಸ್ ಅಂಡ್ ವಿಸ್ಪರ್ಸ್’ನಲ್ಲಿ ಕೆಂಪು ಗೋಡೆಗಳ ಕೋಣೆಯೊಳಗೆ ನೋವಿನಿಂದ ನರಳುತ್ತ ಸಾಯುತ್ತಾರೆ, ಹತ್ತು ವರ್ಷಗಳ ಅನಂತರ ‘ಫ್ಯಾನಿ ಅಂಡ್ ಅಲೆಕ್ಸಾಂಡರ್’ನಲ್ಲಿ ಬಿಷಪ್ಪನ ಮನೆಯ ಕೆಲಸದವಳಾಗಿ ಬರುತ್ತಾರೆ. ಲಿವ್ ಉಲ್ಮನ್ ಮತ್ತು ಎರ್ಲಾಂಡ್ ಯೋಸೆಫ್ಸನ್ 1973ರಲ್ಲಿ ಆರು ಕಂತುಗಳ ‘ಸೀನ್ಸ್ ಫ್ರಮ್ ಎ ಮ್ಯಾರೇಜ್’ ಧಾರಾವಾಹಿಯಲ್ಲಿ ಗಂಡಹೆಂಡಿರಾಗಿ ಜಗಳವಾಡಿ ಬೇರೆಯಾದವರು, ಮೂವತ್ತು ವರ್ಷ ಕಳೆದು 2003ರ ‘ಸಾರಾಬಾಂಡ್’ನಲ್ಲಿ ಅದೇ ಪಾತ್ರಗಳಾಗಿ ಮುಖಾಮುಖಿಯಾಗುತ್ತಾರೆ. ಈ ಎಳೆಗಳು ಕಾಣಬೇಕಾದರೆ ಉತ್ಸವದ ಕ್ರಮವನ್ನು ಬದಿಗಿಟ್ಟು ಇಸವಿಯ ಪ್ರಕಾರವೇ ನೋಡಬೇಕು.

ಪೆಟ್ಟಿಗೆಯಲ್ಲಿ ಚಿತ್ರಗಳಷ್ಟೇ ಬೆಲೆಬಾಳುವುದು ಅವುಗಳ ಜೊತೆಗಿರುವ ಸಾಕ್ಷ್ಯಚಿತ್ರಗಳು. ‘ಫ್ಯಾನಿ ಅಂಡ್ ಅಲೆಕ್ಸಾಂಡರ್’ ತಯಾರಾದ ಬಗೆಯನ್ನು ತೋರಿಸುವ ಚಿತ್ರದಲ್ಲಿ ಒಂದು ಸಂದರ್ಭವಿದೆ. ನಲವತ್ತರ ದಶಕದಿಂದ ಬರ್ಗ್‌ಮನ್ ಅವರ ಜೊತೆಗಿದ್ದ ಗುನ್ನಾರ್ ಬ್ಯೋರ್ನ್‌ಸ್ಟ್ರಾಂಡ್, ಶೇಕ್ಸ್‌ಪಿಯರನ ನಾಟಕವೊಂದರ ವಿದೂಷಕನ ವೇಷದಲ್ಲಿ, ತಲೆಯ ಮೇಲೆ ಉರಿಯುವ ಮೇಣದಬತ್ತಿ ಇಟ್ಟುಕೊಂಡು, ರಂಗದ ಮೇಲೆ ಹಾಡಬೇಕು. ‘ವಿಂಟರ್ ಲೈಟ್’ ಚಿತ್ರದಲ್ಲಿ ನಂಬಿಕೆ ಕಳೆದುಕೊಂಡ ಪಾದ್ರಿಯಾಗಿ ಅಷ್ಟು ಬಿಗಿಯಾಗಿ ಅಭಿನಯಿಸಿದ್ದ ಈ ನಟನಿಗೆ ಈಗ ಮರೆವು; ಸಾಲುಗಳು ನೆನಪಾಗುವುದಿಲ್ಲ, ಹಾಡು ಮತ್ತೆ ಮತ್ತೆ ತಪ್ಪುತ್ತದೆ. ಬರ್ಗ್‌ಮನ್ ರೇಗುವುದಿಲ್ಲ. ಮತ್ತೆ ಮೊದಲಿನಿಂದ ಮಾಡಿಸುತ್ತಾರೆ, ಹುರಿದುಂಬಿಸುತ್ತಾರೆ. ಈ ಪಾತ್ರವನ್ನು ಬೇರೊಬ್ಬರಿಗೆ ಕೊಟ್ಟುಬಿಡಬಹುದಿತ್ತು, ಕೊಡಲಿಲ್ಲ. ಹೆಂಗಸರೊಡನೆ, ಮಕ್ಕಳೊಡನೆ ಬರ್ಗ್‌ಮನ್ ನಡೆದುಕೊಂಡ ರೀತಿಯ ಬಗ್ಗೆ ಕಟುವಾದ ಮಾತುಗಳು ಬೇಕಾದಷ್ಟು ಬಂದಿವೆ, ಆ ಮಾತುಗಳನ್ನು ಈ ಪ್ರಸಂಗ ಅಳಿಸಿಹಾಕುವುದಿಲ್ಲ. ಆದರೆ ಅವರ ಕೆಲಸ ಯಾವ ನೆಲದ ಮೇಲೆ ನಿಂತಿತ್ತು ಎಂಬುದನ್ನು ಪುಸ್ತಕದ ಎಲ್ಲ ಪ್ರಬಂಧಗಳಿಗಿಂತ ಇದು ಚೆನ್ನಾಗಿ ತೋರಿಸುತ್ತದೆ. ಪುಸ್ತಕದ ಕೆಲವು ಪ್ರಬಂಧಗಳು ನೀರಸವೆಂಬುದನ್ನೂ ಹೇಳಿಬಿಡಬೇಕು.

ಚಿತ್ರಗಳ ಗುಣಮಟ್ಟ ಬಹಳ ಚೆನ್ನಾಗಿದೆ. ಛಾಯಾಗ್ರಾಹಕ ಸ್ವೆನ್ ನೂಕ್ವಿಸ್ಟ್ ಮತ್ತು ಬರ್ಗ್‌ಮನ್ ‘ವಿಂಟರ್ ಲೈಟ್’ ಚಿತ್ರಕ್ಕೆ ಮುನ್ನ ಚಳಿಗಾಲದ ಚರ್ಚಿನೊಳಗೆ ಗಂಟೆಗಟ್ಟಲೆ ಕುಳಿತು, ಬೆಳಕು ಹೇಗೆ ಬದಲಾಗುತ್ತದೆಂದು ಗಮನಿಸಿ, ಅನಂತರ ಸ್ಟುಡಿಯೋದಲ್ಲಿ ಕಟ್ಟಿದ ಚರ್ಚಿನಲ್ಲಿ ನೆರಳು ಬೀಳದ ಆ ಮಂಕು ಬೆಳಕನ್ನು ಮತ್ತೆ ಸೃಷ್ಟಿಸಿದರು. ಸವೆದ ಪ್ರತಿಗಳಲ್ಲಿ, ಇಲ್ಲವೇ ಕಂಪ್ಯೂಟರಿನ ಕಳಪೆ ನಕಲಿನಲ್ಲಿ ಈ ಚಿತ್ರ ಬರೀ ಬೂದಿಬಣ್ಣವಾಗಿ ಕಾಣುತ್ತಿತ್ತು. ಈ ಡಿಸ್ಕಿನಲ್ಲಿ ನಟಿ ಇಂಗ್ರಿಡ್ ಟುಲಿನ್ ಪತ್ರವನ್ನು ಹೇಳುವ ದೃಶ್ಯವನ್ನು ನೋಡಬೇಕು: ಆಕೆ ಹಲವು ನಿಮಿಷಗಳ ಕಾಲ ಕ್ಯಾಮೆರಾವನ್ನೇ ನೋಡುತ್ತ ತನ್ನ ಕೈಗಳ ಚರ್ಮರೋಗದ ಬಗ್ಗೆ, ತನ್ನನ್ನು ಕಂಡರೆ ಪಾದ್ರಿಗೆ ಆಗುವ ಹೇಸಿಗೆಯ ಬಗ್ಗೆ ಮಾತನಾಡುವಾಗ, ಕನ್ನಡಕದ ಹಿಂದಿನ ಕಣ್ಣುಗಳ ಸಣ್ಣ ಚಲನೆಯೂ ಕಾಣುತ್ತದೆ. ಧ್ವನಿಯೂ ಅಷ್ಟೇ ಸ್ಪಷ್ಟ. 1978ರ ‘ಆಟಮ್ ಸೊನಾಟಾ’ದಲ್ಲಿ ಮಗಳು ತಾಯಿಯ ಎದುರು ಶೋಪ್ಯಾನ ಪ್ರೆಲ್ಯೂಡೊಂದನ್ನು ಪಿಯಾನೋದಲ್ಲಿ ತಡವರಿಸುತ್ತ ನುಡಿಸುತ್ತಾಳೆ, ಆಮೇಲೆ ಹೆಸರಾಂತ ವಾದಕಿಯಾದ ತಾಯಿ ಅದನ್ನೇ ನುಡಿಸಿ ತೋರಿಸುತ್ತಾಳೆ. ಎರಡನ್ನೂ ನಿಜದಲ್ಲಿ ನುಡಿಸಿದವರು ಒಬ್ಬರೇ, ಬರ್ಗ್‌ಮನ್ ಅವರ ಮಾಜಿ ಪತ್ನಿ ಕೇಬಿ ಲಾರೆಟೈ. ಒಂದೇ ಕೈ ಹಿಂಜರಿಕೆಯನ್ನೂ ಹಮ್ಮನ್ನೂ ನುಡಿಸಿದೆ ಎಂದು ಗೊತ್ತಿದ್ದು ಕೇಳಿದರೆ ಆ ದೃಶ್ಯದ ಕ್ರೌರ್ಯ ಇನ್ನಷ್ಟು ನಾಟುತ್ತದೆ.

ನಮ್ಮ ಗುಂಪಿನಲ್ಲಿ ಎಲ್ಲಕ್ಕಿಂತ ಹೆಚ್ಚು ಮಾತಿಗೆ ಕಾರಣವಾದದ್ದು ಹೆಸರಾಂತ ಚಿತ್ರಗಳಲ್ಲ, ಫೋರೋ ದ್ವೀಪದ ಮೇಲಿನ ಎರಡು ಸಾಕ್ಷ್ಯಚಿತ್ರಗಳು. ಬಾಲ್ಟಿಕ್ ಸಮುದ್ರದಲ್ಲಿ ಗಾಟ್‌ಲ್ಯಾಂಡಿಗೆ ಸೇರಿದಂತಿರುವ ಈ ಚಿಕ್ಕ ದ್ವೀಪಕ್ಕೆ ಬರ್ಗ್‌ಮನ್ 1960ರಲ್ಲಿ ಚಿತ್ರೀಕರಣದ ಜಾಗ ಹುಡುಕುತ್ತ ಹೋದವರು, ಅಲ್ಲಿಯೇ ಮನೆ ಕಟ್ಟಿ, 2007ರ ಜುಲೈ 30ರಂದು ಅಲ್ಲಿಯೇ ತೀರಿಕೊಂಡರು. 1969ರಲ್ಲಿ ತೆಗೆದ ಮೊದಲ ಸಾಕ್ಷ್ಯಚಿತ್ರದಲ್ಲಿ ಕುರಿ ಸಾಕುವವರು, ಮೀನುಗಾರರು, ಶಾಲೆಯ ಬಸ್ಸಿನಲ್ಲಿ ಕುಳಿತ ಹುಡುಗ ಹುಡುಗಿಯರು ಮಾತನಾಡುತ್ತಾರೆ. ಊರಿನಲ್ಲಿ ಉಳಿಯುತ್ತೀರಾ ಎಂದು ಕೇಳಿದರೆ ಮಕ್ಕಳ ಉತ್ತರ ಹೆಚ್ಚಾಗಿ ‘ಇಲ್ಲ’ ಎಂದೇ. ಹತ್ತು ವರ್ಷಗಳ ಮೇಲೆ ತೆಗೆದ ಎರಡನೆಯದರಲ್ಲಿ ಅದೇ ಹುಡುಗರನ್ನು ಹುಡುಕಿ ಮಾತನಾಡಿಸಿದಾಗ ಕೆಲವರು ಹೋಗದೆ ಅಲ್ಲಿಯೇ ಉಳಿದಿರುವುದು ಗೊತ್ತಾಗುತ್ತದೆ. ನೆರೆಹೊರೆಯವರೆಲ್ಲ ಸೇರಿ ಒಂದು ಮನೆಗೆ ಜೊಂಡಿನ ಮಾಡು ಹೊದಿಸುವ ದೃಶ್ಯ ಬಂದಾಗ ನಮ್ಮಲ್ಲಿ ಹಿರಿಯರೊಬ್ಬರು ‘ಮುಯ್ಯಾಳು’ ಎಂದಷ್ಟೇ ಹೇಳಿದರು, ಯಾರಿಗೂ ಬೇರೆ ವಿವರಣೆ ಬೇಕಾಗಲಿಲ್ಲ. ಒಂಟಿಯಾಗಿರುವ ರೈತನೊಬ್ಬ ಅಡುಗೆ ಮಾಡಿಕೊಂಡು ಉಣ್ಣುವುದನ್ನು ಬರ್ಗ್‌ಮನ್ ಮಾತಿಲ್ಲದೆ, ಅವಸರವಿಲ್ಲದೆ ತೋರಿಸುತ್ತಾರೆ. ಮಕ್ಕಳೆಲ್ಲ ಬೆಂಗಳೂರು ಸೇರಿ, ದೊಡ್ಡ ಮನೆಯಲ್ಲಿ ಒಬ್ಬಿಬ್ಬರೇ ಉಳಿದಿರುವ ನಮ್ಮ ಕಡೆಯ ಪ್ರೇಕ್ಷಕರಿಗೆ ಬರ್ಗ್‌ಮನ್ ಅವರ ಹೆಸರಾಂತ ಚಿತ್ರ ‘ಪರ್ಸೋನಾ’ಕ್ಕಿಂತ ಈ ಚಿತ್ರ ಹತ್ತಿರವಾದರೆ ಅದನ್ನು ಅಭಿರುಚಿಯ ಕೊರತೆ ಎನ್ನಲಾರೆ.

ಬರ್ಗ್‌ಮನ್ ಅವರ ಪರಂಪರೆಯನ್ನು ಕಾಯುವ ಕೆಲಸ ಸ್ವೀಡನ್ನಿನಲ್ಲಿ ವ್ಯವಸ್ಥಿತವಾಗಿಯೇ ನಡೆದಿದೆ. ಅವರು ಬದುಕಿದ್ದಾಗಲೇ, 2002ರಲ್ಲಿ, ಕೈಬರಹಗಳನ್ನೂ ಟಿಪ್ಪಣಿಗಳನ್ನೂ ನೋಡಿಕೊಳ್ಳಲು ಪ್ರತಿಷ್ಠಾನವೊಂದು ಆರಂಭವಾಯಿತು. 2007ರಲ್ಲಿ ಆ ಸಂಗ್ರಹ ಯುನೆಸ್ಕೋದ ‘ಮೆಮೊರಿ ಆಫ್ ದಿ ವರ್ಲ್ಡ್’ ಪಟ್ಟಿಗೆ ಸೇರಿತು. 2015ರಿಂದ ಅಲ್ಲಿನ 200 ಕ್ರೋನಾ ನೋಟಿನ ಮೇಲೆ ಅವರ ಮುಖವಿದೆ. ಫೋರೋದ ಮನೆಗಳಲ್ಲಿ ಈಗ ಬೇರೆ ಬೇರೆ ದೇಶಗಳ ಕಲಾವಿದರು ಬಂದು ಉಳಿದು ಕೆಲಸ ಮಾಡುತ್ತಾರೆ. ಅಷ್ಟು ದೂರ ಹೋಗಲಾಗದವರಿಗೆ ಈ ಪೆಟ್ಟಿಗೆಯೇ ಆ ಪರಂಪರೆ.

ಹಾಗೆಂದು ಇದು ಸಮಗ್ರ ಸಂಪುಟವಲ್ಲ. ಆರಂಭದ ದಿನಗಳ ‘ಪ್ರಿಸನ್’ ಇಲ್ಲ, 1976ರ ‘ಫೇಸ್ ಟು ಫೇಸ್’ ಇಲ್ಲ. ಮಲೆನಾಡಿಗೆ ಬಂದ ಪೆಟ್ಟಿಗೆಯಲ್ಲಿ, ಹೆಸರಿನಲ್ಲಿಯೇ ಮಳೆ ಇರುವ ‘ಇಟ್ ರೇನ್ಸ್ ಆನ್ ಅವರ್ ಲವ್’ ಇಲ್ಲದಿರುವುದು ಸಣ್ಣ ಅನ್ಯಾಯ. ಇರುವುದೆಲ್ಲ ಚಿನ್ನವೂ ಅಲ್ಲ. 1964ರ ‘ಆಲ್ ದೀಸ್ ವಿಮೆನ್’ ಬಣ್ಣದ ಹಾಸ್ಯಚಿತ್ರದಲ್ಲಿ ಹಾಸ್ಯವೇ ಇಲ್ಲ. ತೆರಿಗೆ ಪ್ರಕರಣದಲ್ಲಿ ನೊಂದು ದೇಶ ಬಿಟ್ಟು ಹೋಗಿ ಮ್ಯೂನಿಕ್‌ನಲ್ಲಿ ತೆಗೆದ ‘ದಿ ಸರ್ಪೆಂಟ್ಸ್ ಎಗ್’ನಲ್ಲಿ ಹಣ ಕಾಣುತ್ತದೆ, ಜೀವ ಕಾಣುವುದಿಲ್ಲ. ಆದರೂ ಇವನ್ನು ಬಿಟ್ಟು ನೋಡಬೇಡಿ ಎನ್ನುತ್ತೇನೆ. ತಂಡ ಚದುರಿದಾಗ ಈ ನಿರ್ದೇಶಕನ ಕೈ ಎಷ್ಟು ಕಟ್ಟಿಹೋಗುತ್ತದೆಂಬುದು ಇಲ್ಲಿ ಗೊತ್ತಾಗುತ್ತದೆ.

ಇನ್ನು ಕೊಳ್ಳುವವರು ಗಮನಿಸಬೇಕಾದ ವಿಷಯಗಳು. ಬ್ಲೂ-ರೇ ಡಿಸ್ಕುಗಳು ಯಾವ ದೇಶಗಳ ಪ್ಲೇಯರುಗಳಲ್ಲಿ ಓಡಬೇಕೆಂದು ವಲಯಗಳಾಗಿ ವಿಂಗಡಿಸಿರುತ್ತಾರೆ; ಇಲ್ಲಿನ ಡಿಸ್ಕುಗಳು ‘ಎ’ ವಲಯದವು, ಭಾರತ ‘ಸಿ’ ವಲಯದಲ್ಲಿದೆ. ಆದ್ದರಿಂದ ಎಲ್ಲ ವಲಯದ ಡಿಸ್ಕುಗಳನ್ನೂ ಓದುವ ಪ್ಲೇಯರ್ ಇಲ್ಲದಿದ್ದರೆ ಪೆಟ್ಟಿಗೆ ಕಪಾಟಿನ ಅಲಂಕಾರವಾಗಿ ಉಳಿಯುತ್ತದೆ. ಉಪಶೀರ್ಷಿಕೆಗಳು ಇಂಗ್ಲಿಷಿನಲ್ಲಿ ಮಾತ್ರ ಇರುವುದರಿಂದ, ಇಂಗ್ಲಿಷ್ ಬಾರದ ಹಿರಿಯರಿಗಾಗಿ ನಮ್ಮಲ್ಲೊಬ್ಬರು ಪಕ್ಕದಲ್ಲಿ ಕುಳಿತು ಮೆಲ್ಲಗೆ ಕನ್ನಡದಲ್ಲಿ ಹೇಳುತ್ತ ಹೋಗಬೇಕಾಯಿತು. ಬಿಡುಗಡೆಯಾದಾಗಿನ ಬೆಲೆ 299.95 ಡಾಲರ್; ಸಾಗಣೆ ಮತ್ತು ಸುಂಕ ಬೇರೆ. ಡಿಸ್ಕುಗಳನ್ನು ರಟ್ಟಿನ ಹಾಳೆಗಳ ಸೀಳಿನೊಳಗೆ ತುರುಕಿ ಇಟ್ಟಿರುವುದು ನೋಡಲು ಚೆಂದ, ಆದರೆ ಹೊರತೆಗೆಯುವಾಗ ಬೆರಳಿನ ಗುರುತು ತಪ್ಪಿದ್ದಲ್ಲ, ಮತ್ತು ಆಷಾಢದ ತೇವಕ್ಕೆ ರಟ್ಟೂ ಪುಸ್ತಕವೂ ಬೇಗ ಬೂಷ್ಟು ಹಿಡಿಯುತ್ತವೆ. ಡಿಸ್ಕುಗಳನ್ನು ಪ್ಲಾಸ್ಟಿಕ್ ಡಬ್ಬಿಗಳಿಗೆ ವರ್ಗಾಯಿಸಿ, ಪುಸ್ತಕವನ್ನು ತೇವ ಹೀರುವ ಪೊಟ್ಟಣಗಳ ಜೊತೆ ಕಬ್ಬಿಣದ ಬೀರುವಿನಲ್ಲಿಡುವುದು ಒಳ್ಳೆಯದು. ಕರೆಂಟು ಹೋಗಿ ಬರುವ ದಿನಗಳಿಗೆ ಕಂತುಗಳಾಗಿರುವ ಚಿತ್ರಗಳನ್ನು ಎತ್ತಿಟ್ಟುಕೊಳ್ಳಬಹುದು: ‘ಫ್ಯಾನಿ ಅಂಡ್ ಅಲೆಕ್ಸಾಂಡರ್’ನ 312 ನಿಮಿಷಗಳ ದೂರದರ್ಶನ ರೂಪವೂ 188 ನಿಮಿಷಗಳ ಚಿತ್ರಮಂದಿರದ ರೂಪವೂ ಇಲ್ಲಿವೆ, ಮತ್ತು ಉದ್ದವಾದದ್ದೇ ಎಲ್ಲ ರೀತಿಯಲ್ಲೂ ಮೇಲು.

ಒಬ್ಬರೇ ಕೊಳ್ಳುವುದಕ್ಕಿಂತ ನಾಲ್ಕಾರು ಜನ ಸೇರಿ ಕೊಳ್ಳುವುದು ಲೇಸು. ಹಣದ ಮಾತು ಹಾಗಿರಲಿ, ‘ಸೀನ್ಸ್ ಫ್ರಮ್ ಎ ಮ್ಯಾರೇಜ್’ ನೋಡಿದ ಮೇಲೆ ಜಗಳವಾಡಲು ಜೊತೆಯಲ್ಲಿ ಯಾರಾದರೂ ಬೇಕು. ಡಿಸ್ಕುಗಳು ಮನೆಯ ವೀಕ್ಷಣೆಗಷ್ಟೇ ಇರುವುದರಿಂದ, ಸಭಾಂಗಣದಲ್ಲಿ ಸಾರ್ವಜನಿಕ ಪ್ರದರ್ಶನ ಮಾಡುವವರು ಹಕ್ಕುದಾರರಿಂದ ಬೇರೆ ಪರವಾನಗಿ ಪಡೆಯಬೇಕು. ಶುರುವಿಗೆ ‘ಸ್ಮೈಲ್ಸ್ ಆಫ್ ಎ ಸಮ್ಮರ್ ನೈಟ್’ ನೋಡಿ, ಅಲ್ಲಿಂದ ಹಿಂದಕ್ಕೆ ‘ಸಮ್ಮರ್ ವಿತ್ ಮೋನಿಕಾ’ಗೆ ಹೋಗಿ, ಆಮೇಲೆ ಇಸವಿಯ ಕ್ರಮ ಹಿಡಿಯಿರಿ, ದೇವರ ಮೌನದ ಚಿತ್ರಗಳಿಗೆ ಬರುವ ಹೊತ್ತಿಗೆ ತೆರೆಯ ಮೇಲಿನ ಮುಖಗಳೆಲ್ಲ ಪರಿಚಯದವರದಾಗಿರುತ್ತವೆ.