ಮ್ಯಾನ್‌ಹೈಮ್ ದರವನ್ನು ನಂಬಬಹುದು, ಆದರೆ ಗ್ರೇಡ್ ಒಂದನ್ನೇ ನೋಡಿ ಕಾರು ಹಿಡಿಯಬೇಡಿ

ಅಮೆರಿಕದಲ್ಲಿ ಸೆಕೆಂಡ್ ಹ್ಯಾಂಡ್ ಮರ್ಸಿಡಿಸ್, ಬಿಎಂಡಬ್ಲ್ಯೂ, ಲೆಕ್ಸಸ್ ಕೊಳ್ಳಲು ಹೊರಟವರು ನನ್ನನ್ನು ಕೇಳುವುದು ಒಂದೇ ಮಾತು. "ಇದಕ್ಕೆ ನಿಜವಾಗಿ ಎಷ್ಟು ಕೊಡಬಹುದು?" ನಾನು ನ್ಯೂಜೆರ್ಸಿಯ ಒಬ್ಬ ಸಣ್ಣ ಡೀಲರ್‌ಗೆ ಹರಾಜಿನಲ್ಲಿ ಕಾರು ಹಿಡಿದು ಕೊಡುವ ಕೆಲಸದಲ್ಲಿದ್ದೇನೆ. ಕನ್ನಡ ಕೂಟದ ಪರಿಚಯದವರು ಅಡ್ವಾನ್ಸ್ ಕೊಡುವ ಮುಂಚೆ ನನಗೊಂದು ಫೋನ್ ಮಾಡುತ್ತಾರೆ. ಎಲ್ಲರಿಗೂ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಾನು ದಿನಾ ಬಳಸುವ ಎರಡು ಸೇವೆಗಳ ಬಗ್ಗೆ ನನ್ನ ಅಭಿಪ್ರಾಯ ಇದು. ಒಂದು, ಮ್ಯಾನ್‌ಹೈಮ್ ಕಂಪನಿಯ ಸಗಟು ದರ, ಅಂದರೆ ಎಂಎಂಆರ್. ಇನ್ನೊಂದು, ಹರಾಜಿನ ಕಾರುಗಳ ಜೊತೆ ಬರುವ ಕಂಡೀಷನ್ ರಿಪೋರ್ಟ್ ಮತ್ತು ಅದರ ಗ್ರೇಡ್.

ಮ್ಯಾನ್‌ಹೈಮ್ ಅನ್ನುವುದು ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಕೌಂಟಿಯ ಒಂದು ಸಣ್ಣ ಊರು. 1945ರಲ್ಲಿ ಅಲ್ಲಿ ಶುರುವಾದ ಹರಾಜು ಈಗ ದೇಶದ ಅತಿ ದೊಡ್ಡ ಸಗಟು ಕಾರು ಹರಾಜು ಕಂಪನಿ. ಕಾಕ್ಸ್ ಸಂಸ್ಥೆಯ ಕೈಯಲ್ಲಿದೆ. ಇಲ್ಲಿ ಕೊಳ್ಳುವವರೂ ಮಾರುವವರೂ ಡೀಲರ್‌ಗಳು, ಲೀಸ್ ಕಂಪನಿಗಳು, ಬಾಡಿಗೆ ಕಾರಿನ ಕಂಪನಿಗಳು. ಲೈಸೆನ್ಸ್ ಇಲ್ಲದವರಿಗೆ ಗೇಟಿನೊಳಗೆ ಬಿಡುವುದಿಲ್ಲ. ಒಂದು ಕಾರು ಲೇನಿಗೆ, ಅಂದರೆ ಹರಾಜು ಕೂಗುವ ಜಾಗಕ್ಕೆ, ಬಂದು ಕೂಗು ಮುಗಿದು ಆಚೆ ಹೋಗಲು ಒಂದೆರಡು ನಿಮಿಷವೂ ಬೇಡ. ಈಗಂತೂ ಹೆಚ್ಚಿನವರು ಮನೆಯಲ್ಲೋ ಆಫೀಸಿನಲ್ಲೋ ಕೂತು ಕಂಪ್ಯೂಟರ್‌ನಲ್ಲೇ ಕೂಗುತ್ತಾರೆ. ಕಾರನ್ನು ಕಣ್ಣಾರೆ ನೋಡದೆ ಮೂವತ್ತು, ನಲವತ್ತು ಸಾವಿರ ಡಾಲರ್ ಹಾಕಬೇಕಾದರೆ ಕೈಯಲ್ಲಿರುವುದು ಆ ದರ ಮತ್ತು ಆ ರಿಪೋರ್ಟ್ ಮಾತ್ರ. ಅದಕ್ಕೇ ಅವೆರಡನ್ನೂ ಸರಿಯಾಗಿ ಓದಲು ಬರಬೇಕು.

ಮೊದಲು ದರದ ವಿಷಯ. ಎಂಎಂಆರ್ ನನಗೆ ಇಷ್ಟ. ಕಾರಣ ಸರಳ. ಅದು ಯಾರೋ ಕೇಳುತ್ತಿರುವ ಬೆಲೆ ಅಲ್ಲ, ಕೈ ಬದಲಾದ ದುಡ್ಡು. ಜಾಹೀರಾತಿನಲ್ಲಿ ಯಾರು ಬೇಕಾದರೂ ಎಷ್ಟು ಬೇಕಾದರೂ ಕೇಳಬಹುದು, ಅಲ್ವಾ? ಎಂಎಂಆರ್ ಲೆಕ್ಕ ಬರುವುದು ಮ್ಯಾನ್‌ಹೈಮ್ ಹರಾಜುಗಳಲ್ಲಿ ನಿಜವಾಗಿ ನಡೆದ ಮಾರಾಟಗಳಿಂದ. ಮೊದಲು ವಿಐಎನ್, ಅಂದರೆ ಕಾರಿನ ಗುರುತಿನ ಸಂಖ್ಯೆ, ಹಾಕಬೇಕು. ಓಡಿದ ಮೈಲಿ, ಪ್ರದೇಶ, ಬಣ್ಣ, ಗ್ರೇಡ್ ಕೊಟ್ಟರೆ ಎಲ್ಲಕ್ಕೂ ಹೊಂದಿಸಿದ ದರ ಬರುತ್ತದೆ.

ಆದರೆ ಹೆಚ್ಚಿನವರು ಮೇಲಿನ ಆ ಒಂದು ಸಂಖ್ಯೆ ನೋಡಿ ನಿಲ್ಲಿಸುತ್ತಾರೆ. ನಿಜವಾದ ಮಾಲು ಇರುವುದು ಕೆಳಗೆ. ಆ ಮಾಡೆಲ್ಲಿನ ಒಂದೊಂದು ಮಾರಾಟವೂ ಅಲ್ಲಿ ಸಾಲಾಗಿ ಇರುತ್ತದೆ. ಯಾವ ದಿನ, ಯಾವ ಊರು, ಎಷ್ಟು ಮೈಲಿ, ಎಷ್ಟು ಗ್ರೇಡ್, ಎಷ್ಟಕ್ಕೆ ಹೋಯಿತು. ಕ್ಯಾಮ್ರಿ, ಅಕಾರ್ಡ್ ಆದರೆ ಆ ಪಟ್ಟಿ ಮುಗಿಯುವುದೇ ಇಲ್ಲ, ಸರಾಸರಿ ಗಟ್ಟಿಯಾಗಿರುತ್ತದೆ. ಮರ್ಸಿಡಿಸ್ ಎಸ್-ಕ್ಲಾಸ್ ಅಥವಾ ಪೋರ್ಷೆ 911 ತೆಗೆದರೆ ಕೆಲವೇ ಸಾಲು. ಅದರಲ್ಲಿ ಎರಡು ಆಕ್ಸಿಡೆಂಟ್ ಆದ ಕಾರು ಸೇರಿದ್ದರೂ ಸರಾಸರಿ ಕೆಳಗೆ ಬೀಳುತ್ತದೆ. ಹಾಗಾಗಿ ಐಷಾರಾಮಿ ಕಾರಿಗೆ ನಾನು ಸರಾಸರಿ ನೋಡುವುದು ಕಡಿಮೆ. ನನ್ನ ಕಾರನ್ನು ಹೋಲುವ ಮೂರ್ನಾಲ್ಕು ಸಾಲು ಹುಡುಕಿ ಅವನ್ನೇ ಹಿಡಿದು ಕೂರುತ್ತೇನೆ.

911ರ ಮಾತು ಬಂತು. ಹೊಸದರಲ್ಲಿ ಅದಕ್ಕೆ ಹಾಕಿಸುವ ಆಪ್ಷನ್‌ಗಳೇ ಹತ್ತಾರು ಸಾವಿರ ಡಾಲರ್ ಆಗಬಹುದು. ಸೆರಾಮಿಕ್ ಬ್ರೇಕ್, ಸ್ಪೋರ್ಟ್ ಕ್ರೋನೋ, ಸೀಟಿನ ಚರ್ಮ. ಒಂದೇ ವರ್ಷ, ಒಂದೇ ಟ್ರಿಮ್ (ಮಾಡೆಲ್ಲಿನೊಳಗಿನ ಆವೃತ್ತಿ), ಆದರೆ ಎರಡು ಕಾರಿನ ಹೊಸದರ ಬೆಲೆಯ ನಡುವೆ ಒಂದು ಹೊಸ ಕೊರೊಲ್ಲಾ ಬರುವಷ್ಟು ಅಂತರ ಇರುತ್ತದೆ. ಇದು ಟ್ರಿಮ್ಮಿನ ಸರಾಸರಿಯಲ್ಲಿ ಪೂರ್ತಿ ಕಾಣಿಸುವುದಿಲ್ಲ. ಅದಕ್ಕೆ ಮೂಲ ವಿಂಡೋ ಸ್ಟಿಕರ್, ಅಂದರೆ ಹೊಸದರಲ್ಲಿ ಗಾಜಿಗೆ ಅಂಟಿಸಿದ್ದ ಬೆಲೆಪಟ್ಟಿ, ಸಿಗದೆ ನಾನು ಪೋರ್ಷೆಗೆ ಬೆಲೆ ಹೇಳುವುದೇ ಇಲ್ಲ.

ಇನ್ನೊಂದು ಎಚ್ಚರಿಕೆ. ಎಂಎಂಆರ್ ಹಿಂದೆ ನೋಡುತ್ತದೆ, ಮುಂದೆ ನೋಡುವುದಿಲ್ಲ. ಟೆಸ್ಲಾ 2023ರ ಜನವರಿಯಲ್ಲಿ ಹೊಸ ಕಾರುಗಳ ಬೆಲೆಯನ್ನು ಒಮ್ಮೆಲೇ ಇಳಿಸಿತು. ಹಳೆ ಟೆಸ್ಲಾ ಇಟ್ಟುಕೊಂಡಿದ್ದವರಿಗೆ ಹಿಂದಿನ ವಾರದ ದರವೇ ಸುಳ್ಳಾಯಿತು. ಮ್ಯಾನ್‌ಹೈಮ್ ಸೂಚ್ಯಂಕ, ಅಂದರೆ 1997ರ ಜನವರಿಯನ್ನು 100 ಅಂತ ಇಟ್ಟು ಮಾಡುವ ಹಳೆ ಕಾರುಗಳ ಸಗಟು ಬೆಲೆಯ ಲೆಕ್ಕ, 2022ರ ಆರಂಭದಲ್ಲಿ ದಾಖಲೆ ಮಟ್ಟಕ್ಕೆ ಏರಿ ಆಮೇಲೆ ಇಳಿಯಿತು. ಇಳಿಯುವ ಮಾರುಕಟ್ಟೆಯಲ್ಲಿ ಸರಾಸರಿ ಯಾವಾಗಲೂ ಒಂದು ಹೆಜ್ಜೆ ಹಿಂದೆ. ಎಲೆಕ್ಟ್ರಿಕ್ ಕಾರು, ಅದರಲ್ಲೂ ದುಬಾರಿಯವು, ಮರ್ಸಿಡಿಸ್ ಇಕ್ಯೂಎಸ್, ಪೋರ್ಷೆ ಟೈಕಾನ್ ಥರದವು, ನೋಡುವಾಗ ಇತ್ತೀಚಿನ ಮಾರಾಟದ ಸಾಲುಗಳನ್ನು ಬಿಟ್ಟು ಬೇರೆ ಯಾವುದನ್ನೂ ಲೆಕ್ಕಕ್ಕೆ ಹಿಡಿಯಬೇಡಿ.

ಋತುವೂ ಸೇರುತ್ತದೆ. ಟ್ಯಾಕ್ಸ್ ರಿಫಂಡ್ ಬರುವ ವಸಂತದಲ್ಲಿ ದರ ಬಿಗಿ. ಮಾಡು ತೆರೆಯುವ ಕನ್ವರ್ಟಿಬಲ್ ಕಾರನ್ನು ನಮ್ಮ ಈಶಾನ್ಯ ಭಾಗದಲ್ಲಿ ಚಳಿಗಾಲದಲ್ಲಿ ಕೇಳುವವರು ಕಡಿಮೆ.

ಈಗ ಗ್ರೇಡ್. ನನ್ನ ತಕರಾರು ಇರುವುದು ಇದರ ಮೇಲೆ. ಸೊನ್ನೆಯಿಂದ ಐದರವರೆಗೆ, ದಶಮಾಂಶದಲ್ಲಿ ಕೊಡುವ ಅಂಕ. ಐದು ಅಂದರೆ ಹೊಸದರ ಹಾಗೆ, ನಾಲ್ಕರ ಮೇಲೆ ಚೆನ್ನಾಗಿದೆ, ಎರಡರ ಹತ್ತಿರ ಬಂದರೆ ಒರಟು. ಇನ್‌ಸ್ಪೆಕ್ಟರ್ ಬಂದು ಗೀರು, ನೆಗ್ಗು, ಟೈರ್ ಸವೆತ, ಒಳಗಿನ ಕಲೆ ಎಲ್ಲ ಬರೆದುಕೊಳ್ಳುತ್ತಾನೆ, ಅದರಿಂದ ಅಂಕ ಬರುತ್ತದೆ. ಇದು ನಮ್ಮ ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಿನ ಒಟ್ಟು ಶೇಕಡಾ ಇದ್ದ ಹಾಗೆ. ಗಣಿತದಲ್ಲಿ ಎಷ್ಟು ಬಂತು ಅಂತ ಅದು ಹೇಳುವುದಿಲ್ಲ. ಐಷಾರಾಮಿ ಕಾರಿನಲ್ಲಿ ಗಣಿತ ಅಂದರೆ ಇಂಜಿನ್, ಸಸ್ಪೆನ್ಷನ್, ಎಲೆಕ್ಟ್ರಾನಿಕ್ಸ್. ಗ್ರೇಡ್ ಹೆಚ್ಚಾಗಿ ಅಳೆಯುವುದು ಮೇಲಿನ ಅಂದವನ್ನು.

ಒಂದು ನಿಜವಾದ ಜೋಡಿ ತೋರಿಸುತ್ತೇನೆ. ಎರಡೂ 2021ರ ಮರ್ಸಿಡಿಸ್ ಇ 450, ಆಲ್ ವೀಲ್ ಡ್ರೈವ್ ಸೆಡಾನ್. ಮೈಲಿ ಹತ್ತಿರ ಹತ್ತಿರ ಒಂದೇ. ಒಂದಕ್ಕೆ ಗ್ರೇಡ್ 4.4, ಇನ್ನೊಂದಕ್ಕೆ 3.3. ಹೊಂದಿಸಿದ ದರದಲ್ಲಿ ಎರಡರ ನಡುವೆ ಸುಮಾರು 2,600 ಡಾಲರ್ ಅಂತರ. ಕೂಗಿನಲ್ಲಿ ಅಂತರ 4,000 ದಾಟಿತು. ಯಾಕೆ ಗೊತ್ತಾ? ಬಹಳ ಡೀಲರ್‌ಗಳು ಹುಡುಕುವಾಗಲೇ "ನಾಲ್ಕಕ್ಕಿಂತ ಮೇಲೆ" ಅಂತ ಫಿಲ್ಟರ್ ಹಾಕಿಬಿಡುತ್ತಾರೆ. 3.3 ಅವರ ಕಣ್ಣಿಗೇ ಬೀಳುವುದಿಲ್ಲ.

3.3ರ ರಿಪೋರ್ಟ್ ತೆಗೆದು ಸಾಲು ಸಾಲಾಗಿ ಓದಿದೆ. ನಾಲ್ಕೂ ಚಕ್ರ ಫುಟ್‌ಪಾತಿನ ಅಂಚಿಗೆ ಉಜ್ಜಿವೆ. ಮುಂದಿನ ಬಂಪರ್ ಗೀರು. ಹಿಂದಿನ ಬಲಬಾಗಿಲಲ್ಲಿ ಸಣ್ಣ ನೆಗ್ಗು, ಬಣ್ಣ ಎದ್ದಿಲ್ಲ. ಗಾಜಿನಲ್ಲಿ ಕಲ್ಲು ತಾಗಿದ ಚುಕ್ಕೆ. ಟೈರ್ 3/32 ಇಂಚಿಗೆ ಬಂದಿವೆ, ಅಂದರೆ ಬದಲಿಸಲೇಬೇಕು. ಎರಡನೇ ಕೀ ಇಲ್ಲ. ಇವೆಲ್ಲದಕ್ಕೂ ನಮ್ಮ ಹತ್ತಿರ ದರ ಇದೆ. ಚಕ್ರ ಸರಿಮಾಡುವವನು ಅಂಗಳಕ್ಕೇ ಬರುತ್ತಾನೆ, ಒಂದಕ್ಕೆ 140. ಟೈರ್ ಸೆಟ್ 900. ಕೀ 400. ಬಂಪರ್ ಪೇಂಟ್ 350. ನೆಗ್ಗು ಎತ್ತಲು 100, ಗಾಜಿನ ಚುಕ್ಕೆ ತುಂಬಲು 60. ಕೂಡಿದರೆ 2,370. ಬಾಡಿಯ ಮೇಲೆ ಎಲ್ಲೂ ಎರಡನೇ ಸಲ ಬಣ್ಣ ಹೊಡೆದಿಲ್ಲ. ಕಾರಿನ ಕಂಪ್ಯೂಟರ್‌ನಲ್ಲಿ ಫಾಲ್ಟ್ ಕೋಡ್ ಇಲ್ಲ. ಸರ್ವೀಸ್ ಎಲ್ಲ ಹೊತ್ತಿಗೆ ಸರಿಯಾಗಿ ಆಗಿದೆ. ಸುಮ್ನೆ ಪಾರ್ಕಿಂಗ್ ಸರಿಯಾಗಿ ಬಾರದವರ ಕೈಯಲ್ಲಿ ಇದ್ದ ಒಳ್ಳೆ ಕಾರು.

4.4 ಫೋಟೋದಲ್ಲಿ ಥಳಥಳ. ಆದರೆ ಒಂದು ಸಾಲಿನಲ್ಲಿ "ಬಲ ಹಿಂದಿನ ಕ್ವಾರ್ಟರ್ ಪ್ಯಾನೆಲ್, ಹಿಂದಿನ ರಿಪೇರಿ, ಒಪ್ಪಬಹುದು" ಅಂತ ಇತ್ತು. ಈ ಸಾಲು ಗ್ರೇಡನ್ನು ಹೆಚ್ಚು ಇಳಿಸುವುದಿಲ್ಲ. ನನಗೆ ಮಾತ್ರ ಅದೇ ಮುಖ್ಯ. ಬಾಗಿಲು, ಬಾನೆಟ್, ಮುಂದಿನ ಫೆಂಡರ್ ಬೋಲ್ಟ್ ಬಿಚ್ಚಿ ಬದಲಿಸಬಹುದು. ಕ್ವಾರ್ಟರ್ ಪ್ಯಾನೆಲ್, ಅಂದರೆ ಹಿಂದಿನ ಚಕ್ರದ ಮೇಲಿನ ಭಾಗ, ಕಾರಿನ ಮೈಗೇ ವೆಲ್ಡ್ ಆಗಿರುತ್ತದೆ. ಅಲ್ಲಿ ಕೆಲಸ ಆಗಿದೆ ಅಂದರೆ ಎಷ್ಟು ಆಳಕ್ಕೆ ಪೆಟ್ಟು ಬಿದ್ದಿತ್ತು ಅಂತ ಕೇಳಲೇಬೇಕು. ಕಾರ್ಖಾನೆಯ ಬಣ್ಣ ಸಾಮಾನ್ಯವಾಗಿ ನಾಲ್ಕರಿಂದ ಏಳು ಮಿಲ್ ದಪ್ಪ ಇರುತ್ತದೆ, ಮಿಲ್ ಅಂದರೆ ಇಂಚಿನ ಸಾವಿರದಲ್ಲಿ ಒಂದು ಪಾಲು. ಬಣ್ಣದ ದಪ್ಪ ಅಳೆಯುವ ಮೀಟರ್ ಅದರ ಎರಡು ಮೂರು ಪಟ್ಟು ತೋರಿಸಿದರೆ ಮತ್ತೆ ಬಣ್ಣ ಹೊಡೆದಿದ್ದಾರೆ, ಇನ್ನೂ ಜಾಸ್ತಿ ತೋರಿಸಿದರೆ ಕೆಳಗೆ ಪುಟ್ಟಿ ಇದೆ. ಜೊತೆಗೆ ಆ ಕಾರಿನ ಟೈರ್‌ಗಳು ಎರಡು ಬೇರೆ ಕಂಪನಿಯವು, ಸವೆತವೂ ಬೇರೆ ಬೇರೆ. ಆಲ್ ವೀಲ್ ಡ್ರೈವ್ ಕಾರಿಗೆ ಅದು ಒಳ್ಳೆಯದಲ್ಲ. ನಾನು 3.3 ಹಿಡಿದೆ. ಕೆಲಸ ಮುಗಿಸಿ ಅಂಗಳಕ್ಕೆ ಬಂದ ಮೇಲೆ ಅದು ಸುಲಭವಾಗಿ ಹೋಯಿತು.

ರಿಪೋರ್ಟಿನ ಅಂಕಕ್ಕಿಂತ ರಿಪೋರ್ಟಿನ ಫೋಟೋ ನನಗೆ ಜಾಸ್ತಿ ಹೇಳುತ್ತದೆ. ಏರ್ ಸಸ್ಪೆನ್ಷನ್ ಇರುವ ಎಸ್-ಕ್ಲಾಸ್, ರೇಂಜ್ ರೋವರ್ ನೋಡುವಾಗ ನಾಲ್ಕೂ ಚಕ್ರದ ಮೇಲಿನ ಸಂದು ಹೋಲಿಸಿ ನೋಡಿ. ಒಂದು ಮೂಲೆ ಕೆಳಗೆ ಕೂತಿದ್ದರೆ ಗಾಳಿ ಸೋರುತ್ತಿದೆ ಅಂತ ಅನುಮಾನ ಪಡಬೇಕು. ಸ್ಟಾರ್ಟ್ ಮಾಡಿದರೆ ಸ್ವಲ್ಪ ಹೊತ್ತಿಗೆ ಎದ್ದು ನಿಲ್ಲುತ್ತದೆ, ಲೇನಿನಲ್ಲಿ ನೋಡಿದವರಿಗೆ ತಿಳಿಯುವುದೇ ಇಲ್ಲ. ಹೆಡ್‌ಲೈಟ್ ಒಳಗೆ ತೇವ ಕೂತಿದೆಯಾ ನೋಡಿ. ಈಗಿನ ಅಡಾಪ್ಟಿವ್ ಎಲ್‌ಇಡಿ ಒಂದರ ಬೆಲೆ ಕೇಳಿದರೆ ಎದೆ ಧಸಕ್ ಅನ್ನುತ್ತದೆ. ತಳಭಾಗದ ಫೋಟೋ ಇದ್ದರೆ ಮೊದಲು ಅದನ್ನೇ ತೆರೆಯಿರಿ. ನಮ್ಮ ಕಡೆ ಹಿಮ ಬಿದ್ದಾಗ ರಸ್ತೆಗೆ ಉಪ್ಪು ಹಾಕುತ್ತಾರೆ, ತುಕ್ಕು ಅಲ್ಲಿಂದ ಶುರು. ದಕ್ಷಿಣದಿಂದ ಬಂದ ಕಾರಾದರೆ ತುಕ್ಕಿನ ಚಿಂತೆ ಕಡಿಮೆ, ಪ್ರವಾಹದ ನೀರಿನ ಚಿಂತೆ ಜಾಸ್ತಿ. 2022ರ ಇಯಾನ್ ಚಂಡಮಾರುತದ ಹೊತ್ತಿಗೆ ಈ ಕಾರು ಫ್ಲೋರಿಡಾದಲ್ಲಿತ್ತಾ ಅಂತ ನಾನು ಈಗಲೂ ನೋಡುತ್ತೇನೆ.

ಗ್ರೇಡಿನಲ್ಲಿ ಯಾವ ಕಾಲಕ್ಕೂ ಕಾಣದ ವಿಷಯ, ಮಾಡೆಲ್ಲಿನ ಹುಟ್ಟುಗುಣ. ಬಿಎಂಡಬ್ಲ್ಯೂ ಎನ್63 ವಿ8 ಇಂಜಿನ್ನಿನ ಮೊದಲ ಪೀಳಿಗೆ ಎಣ್ಣೆ ಕುಡಿಯುತ್ತದೆ ಅನ್ನುವುದು ಎಲ್ಲ ಗ್ಯಾರೇಜಿಗೂ ಗೊತ್ತು. ಕಂಪನಿಯೇ 2014ರ ಕೊನೆಯಲ್ಲಿ ಅದಕ್ಕಾಗಿ ಒಂದು ವಿಶೇಷ ರಿಪೇರಿ ಯೋಜನೆ ತಂದಿತು. ಆ ಇಂಜಿನ್ ಇರುವ ಹಳೆಯ ಬಿಎಂಡಬ್ಲ್ಯೂ 750 ಮಾಡೆಲ್ಲಿಗೆ 4.5 ಗ್ರೇಡ್ ಬರಬಹುದು, ಕಾರು ಕನ್ನಡಿಯ ಹಾಗೆ ಹೊಳೆಯಬಹುದು, ಆದರೂ ಹೊಗೆ ಬರುತ್ತದೋ ಇಲ್ಲವೋ ಅಂತ ಇಂಜಿನ್ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿ ನೋಡಿದವರಿಗೇ ತಿಳಿಯುವುದು. ಹರಾಜಿನ ದಿನ ಇಂಜಿನ್ ಬಿಸಿಯಾಗಿಯೇ ಲೇನಿಗೆ ಬರುತ್ತದೆ. ಇದೇ ಕಾರಣಕ್ಕೆ ಸಗಟು ದರ ತೀರಾ ಕಡಿಮೆ ಕಂಡರೆ ಖುಷಿಪಡಬೇಡಿ. ಡೀಲರ್‌ಗಳು ಆಗಲೇ ಆ ರಿಪೇರಿ ಖರ್ಚನ್ನು ಕಳೆದುಕೊಂಡು ಕೂಗಿರುತ್ತಾರೆ. ಲೆಕ್ಸಸ್ ಜಿಎಕ್ಸ್ ದರ ಯಾಕೆ ಬೀಳುವುದಿಲ್ಲ ಅನ್ನುವುದಕ್ಕೂ ಉತ್ತರ ಇದೇ, ಅಲ್ಲಿ ಕಳೆಯಲು ಅಂಥ ಖರ್ಚಿಲ್ಲ.

ಇನ್ನೊಂದು ವಿಷಯ ಹೊರಗಿನವರಿಗೆ ಗೊತ್ತಿರುವುದಿಲ್ಲ. ಲೀಸ್ ಮುಗಿದ ಒಳ್ಳೆಯ ಬಿಎಂಡಬ್ಲ್ಯೂ, ಮರ್ಸಿಡಿಸ್ ಮೊದಲು ಹೋಗುವುದು ಆ ಬ್ರ್ಯಾಂಡಿನ ಸ್ವಂತ ಡೀಲರ್‌ಗಳಿಗೆ. ಅವರು ಆರಿಸಿ ಬಿಟ್ಟದ್ದು ನಮ್ಮಂಥವರ ಲೇನಿಗೆ ಬರುತ್ತದೆ. ಹಾಗಂತ ಬಿಟ್ಟದ್ದೆಲ್ಲ ಕೆಟ್ಟದ್ದಲ್ಲ. ಮೈಲಿ ಜಾಸ್ತಿ ಅಂತ, ಬಣ್ಣ ಹಿಡಿಸಲಿಲ್ಲ ಅಂತಲೂ ಬಿಟ್ಟಿರುತ್ತಾರೆ. ಆದರೆ ಯಾಕೆ ಬಿಟ್ಟರು ಅಂತ ಕೇಳಿಕೊಳ್ಳದೆ ಕೂಗಬಾರದು. ಕಾರು ಲೇನಿಗೆ ಬಂದಾಗ ಹರಾಜಿನವರು ಹಾಕುವ ಲೈಟಿನ ಬಣ್ಣವೂ ಸುಳಿವು ಕೊಡುತ್ತದೆ. ಹಸಿರು ಲೈಟಿನ ಕಾರಿಗೆ ದೊಡ್ಡ ಮೆಕ್ಯಾನಿಕಲ್ ದೋಷ ಇಲ್ಲ ಅನ್ನುವ ಭರವಸೆ ಇರುತ್ತದೆ, ಕೆಂಪು ಲೈಟ್ ಅಂದರೆ ಇದ್ದ ಹಾಗೆ ತೆಗೆದುಕೊಂಡು ಹೋಗಬೇಕು. ಕೆಂಪು ಲೈಟಿನ ಜರ್ಮನ್ ಕಾರನ್ನು ನಾನು ಮುಟ್ಟುವುದಿಲ್ಲ. ಹಸಿರಾದರೂ ಮಾರಾಟದ ನಂತರದ ಇನ್‌ಸ್ಪೆಕ್ಷನ್‌ಗೆ ದುಡ್ಡು ಕಟ್ಟುತ್ತೇನೆ. ಕೊಂಡ ಬೆಲೆಯ ಮುಂದೆ ಅದು ಏನೂ ಅಲ್ಲ.

ಅಂಕ ಕೊಡಿ ಅಂದರೆ, ಎಂಎಂಆರ್‌ಗೆ ಐದಕ್ಕೆ ನಾಲ್ಕೂವರೆ. ರಿಪೋರ್ಟಿನ ಸಾಲುಗಳಿಗೆ, ಫೋಟೋಗಳಿಗೆ ನಾಲ್ಕು. ಗ್ರೇಡ್ ಅನ್ನುವ ಆ ಒಂದು ಸಂಖ್ಯೆಗೆ ಎರಡೂವರೆ. ಬಣ್ಣದ ದಪ್ಪದ ಅಳತೆ ಮತ್ತು ತಣ್ಣನೆ ಸ್ಟಾರ್ಟಿನ ಶಬ್ದ ಎರಡನ್ನೂ ಗ್ರೇಡಿನ ಪಕ್ಕದಲ್ಲೇ ಎಲ್ಲ ಕಾರಿಗೂ ಹಾಕಿದರೆ ನಾನು ಇನ್ನೊಂದು ಅಂಕ ಸಂತೋಷವಾಗಿ ಕೊಡುತ್ತೇನೆ.

ನೀವು ಡೀಲರ್ ಅಲ್ಲ, ಮನೆಗೊಂದು ಕಾರು ಬೇಕು ಅಷ್ಟೇ ಅನ್ನುವವರಾದರೆ ಇದು ಹೇಗೆ ಉಪಯೋಗ? ಡೀಲರ್ ಹತ್ತಿರ ಹೋದಾಗ "ಹರಾಜಿನಿಂದ ಬಂದದ್ದಾದರೆ ಕಂಡೀಷನ್ ರಿಪೋರ್ಟ್ ತೋರಿಸಿ" ಅಂತ ಮೃದುವಾಗಿ ಕೇಳಿ. ತೋರಿಸುವವರು ಇದ್ದಾರೆ, ನಮ್ಮಲ್ಲಿ ತೋರಿಸುತ್ತೇವೆ. ಆದರೆ ಎಂಎಂಆರ್ ದರಕ್ಕೇ ಕೊಡಿ ಅಂತ ಹಟ ಮಾಡಬೇಡಿ. ಅದರ ಮೇಲೆ ಹರಾಜಿನ ಫೀ ಕೆಲವು ನೂರು ಡಾಲರ್, ಲಾರಿ ಬಾಡಿಗೆ, ರಿಪೇರಿ, ಅಂಗಳದಲ್ಲಿ ನಿಂತಷ್ಟು ದಿನದ ಬಡ್ಡಿ, ಆಮೇಲೆ ನಮ್ಮ ಹೊಟ್ಟೆಪಾಡು ಇದೆ. ಆ ಖರ್ಚುಗಳನ್ನೆಲ್ಲ ಬಿಡಿಸಿ ಹೇಳುವ ಡೀಲರ್ ಸಿಕ್ಕರೆ ಅಲ್ಲೇ ಕೂತು ಮಾತಾಡಿ. ಹಾಗೆ ಹೇಳದವರ ಕಾರಾದರೆ, ಬೇರೆ ಮೆಕ್ಯಾನಿಕ್ ಹತ್ತಿರ ಒಯ್ದು ಲಿಫ್ಟಿಗೆ ಹಾಕಿಸಿ ನೋಡುವ ತನಕ ಅಡ್ವಾನ್ಸ್ ಕೊಡಬೇಡಿ.