ಕಾನ್‌ಸ್ಟಿಟ್ಯೂಷನ್ ಅನೊಟೇಟೆಡ್: ಯುದ್ಧಕಾಲದ ಅಧಿಕಾರ ಓದುವವರಿಗೆ

ಯುದ್ಧದ ಹೆಸರಲ್ಲಿ ಅಮೆರಿಕದ ಅಧ್ಯಕ್ಷರು ಹೇಬಿಯಸ್ ಕಾರ್ಪಸ್ ಹಕ್ಕನ್ನು, ಅಂದರೆ ಬಂಧನ ಕಾನೂನುಬದ್ಧವೇ ಎಂದು ಕೋರ್ಟಿನಲ್ಲಿ ಪ್ರಶ್ನಿಸುವ ಹಕ್ಕನ್ನು, ಅಮಾನತಿನಲ್ಲಿಡಬಹುದೇ? ಓದಲು ಶುರುಮಾಡಲು ಲೈಬ್ರರಿ ಆಫ್ ಕಾಂಗ್ರೆಸ್‌ನ ಅಮೆರಿಕದ ಸಂವಿಧಾನವನ್ನು ಕಲಮು ಕಲಮಾಗಿ ವಿವರಿಸುವ ಈ ಉಚಿತ ವೆಬ್‌ಸೈಟ್ ಬಹಳ ಒಳ್ಳೆಯದು. ಆದರೆ ನೇರವಾಗಿ ಅಧ್ಯಕ್ಷರ ಅಧಿಕಾರ ಹೇಳುವ 2ನೇ ವಿಧಿ ತೆರೆದರೆ ಮುಖ್ಯವಾದದ್ದೇ ತಪ್ಪಿಹೋಗುತ್ತದೆ. ಅಮಾನತಿನ ಮಾತು ಇರುವುದು ಕಾಂಗ್ರೆಸ್ಸಿನ, ಅಂದರೆ ಅಮೆರಿಕದ ಸಂಸತ್ತಿನ, ಅಧಿಕಾರ ಹೇಳುವ 1ನೇ ವಿಧಿಯಲ್ಲಿ, 9ನೇ ಸೆಕ್ಷನ್‌ನ 2ನೇ ಕಲಮಿನಲ್ಲಿ: ದಂಗೆ ಅಥವಾ ಆಕ್ರಮಣದ ವೇಳೆ, ಸಾರ್ವಜನಿಕ ಸುರಕ್ಷತೆಗೆ ಬೇಕಾದರೆ ಮಾತ್ರ. ಅದು ಕೂತಿರುವ ಜಾಗವೇ ಅರ್ಧ ವಾದ. 1861ರಲ್ಲಿ, ಅಂತರ್ಯುದ್ಧದ ವೇಳೆ, ಅಧ್ಯಕ್ಷ ಲಿಂಕನ್ ಕಾಂಗ್ರೆಸ್ಸಿನ ಒಪ್ಪಿಗೆಯಿಲ್ಲದೆ ಅಮಾನತು ಮಾಡಿದಾಗ, ಸೇನೆ ಬಂಧಿಸಿದ್ದ ಮೆರಿಮನ್ ಎಂಬಾತನ ಪ್ರಕರಣದಲ್ಲಿ ಮುಖ್ಯ ನ್ಯಾಯಮೂರ್ತಿ ಟೇನಿ ಹಿಡಿದದ್ದು ಇದನ್ನೇ: ಅಮಾನತಿನ ಅಧಿಕಾರ ಕಾಂಗ್ರೆಸ್ಸಿನದು, ಅಧ್ಯಕ್ಷರದಲ್ಲ. 1863ರಲ್ಲಿ ಕಾಂಗ್ರೆಸ್ ಕಾಯ್ದೆ ಮಾಡಿ ಅಧ್ಯಕ್ಷರಿಗೆ ಆ ಅಧಿಕಾರ ಕೊಟ್ಟಿತು.

ಮುಂದೆ 1866ರ ಮಿಲಿಗನ್ ತೀರ್ಪನ್ನು ನಿಧಾನವಾಗಿ ಓದಿ. ನಾಗರಿಕ ನ್ಯಾಯಾಲಯಗಳು ತೆರೆದು ಕೆಲಸ ಮಾಡುತ್ತಿರುವಾಗ ನಾಗರಿಕನನ್ನು ಸೇನಾ ಆಯೋಗದ, ಅಂದರೆ ಸೇನೆಯದೇ ನ್ಯಾಯಮಂಡಳಿಯ, ಮುಂದೆ ನಿಲ್ಲಿಸುವಂತಿಲ್ಲ ಎಂದದ್ದು ಅಲ್ಲೇ. ರಿಟ್ (ಹೇಬಿಯಸ್ ಕಾರ್ಪಸ್ ಆದೇಶ) ಅಮಾನತು ಬೇರೆ, ಸೇನಾಡಳಿತ ಬೇರೆ. ಹೊಸಬರು ಎಡವುವುದೇ ಇಲ್ಲಿ. 2ನೇ ವಿಧಿಗೆ ಬರಬೇಕಾದದ್ದು ಆಮೇಲೆ, ಅಧ್ಯಕ್ಷರು ಉಕ್ಕಿನ ಕಾರ್ಖಾನೆಗಳನ್ನು ವಶಪಡಿಸಿಕೊಂಡದ್ದನ್ನು ಸುಪ್ರೀಂ ಕೋರ್ಟು ಒಪ್ಪದ 1952ರ ತೀರ್ಪು ಯಂಗ್ಸ್‌ಟೌನ್‌ಗಾಗಿ: ಕಾಂಗ್ರೆಸ್ ಒಪ್ಪಿದೆಯೇ, ಸುಮ್ಮನಿದೆಯೇ, ವಿರೋಧಿಸಿದೆಯೇ ಎಂಬ ನ್ಯಾಯಮೂರ್ತಿ ಜಾಕ್ಸನ್ನರ ಮೂರು ವಿಂಗಡಣೆಯನ್ನು ಕೋರ್ಟುಗಳು ಇಂದಿಗೂ ಬಳಸುತ್ತವೆ. ಅಡಿಟಿಪ್ಪಣಿ ಬಿಡಬೇಡಿ, ಮೂಲ ತೀರ್ಪಿನ ದಾರಿ ಅಲ್ಲಿದೆ. ಬರವಣಿಗೆ ಒಣಗಿದ್ದು, ಪಕ್ಷ ವಹಿಸುವುದಿಲ್ಲ. ಈ ವಿಷಯಕ್ಕೆ ಅದೇ ಬೇಕು.