ಗುಜರಿ ಅಂಗಡಿಯ ಕೀಸುಳಿ: ಆರು ಮಳೆಗಾಲದ ಬಳಿಕ

2019ರ ಅಕ್ಟೋಬರಿನಲ್ಲಿ ಕಾಸರಗೋಡು ಜಿಲ್ಲೆಯ ಕುಂಬಳೆಯ ಒಂದು ಗುಜರಿ ಅಂಗಡಿಯಲ್ಲಿ, ತುಕ್ಕು ಹಿಡಿದ ಸೈಕಲ್ ಚಕ್ರಗಳ ಅಡಿಯಿಂದ ಮರ ಹೆರೆದು ನುಣುಪು ಮಾಡುವ ಒಂದು ಕಬ್ಬಿಣದ ಕೀಸುಳಿಯನ್ನು ಎಳೆದು ತೆಗೆದೆ. ಅಂಗಡಿಯವರು ‘ಚಿಂತೇರ್’ ಎಂದು ಮಲಯಾಳದ ಹೆಸರು ಹೇಳಿ ತಕ್ಕಡಿಯತ್ತ ಕೈ ಚಾಚಿದರು. ಮತ್ತೆ ನನ್ನ ಮುಖ ನೋಡಿ, ತೂಕದ ಮಾತು ಬಿಟ್ಟು, 450 ರೂಪಾಯಿ ಎಂದರು. ಕೊಟ್ಟೆ.

ಅದೇ ತಿಂಗಳು ಇನ್ನೆರಡು ಕಡೆ ಹುಡುಕಿ ಮೂರು ಉಳಿ (240), ಒಂದು ಕೈಗರಗಸ (150), ಕೈಯಿಂದ ತಿರುಗಿಸುವ ಬೈರಿಗೆ (350) ಕೊಂಡೆ. ಹೊಸದಾಗಿ ತಂದದ್ದು ಎರಡು ಮುಖದ ಮಸೆಗಲ್ಲು ಒಂದನ್ನೇ, ಅದಕ್ಕೆ 700. ಎಲ್ಲ ಸೇರಿ 1,890 ರೂಪಾಯಿ. ನೀರ್ಚಾಲಿನ ಮನೆಯ ಕೊಟ್ಟಿಗೆಯ ಜಗಲಿಯಲ್ಲಿ ಕುಳಿತು ಇವುಗಳಿಂದಲೇ ಮರಗೆಲಸ ಕಲಿತೆ, ಈಗಲೂ ಕಲಿಯುತ್ತಿದ್ದೇನೆ. ಕೀಸುಳಿಯನ್ನೂ ಗರಗಸವನ್ನೂ ಯಾರಿಗಾದರೂ ಧೈರ್ಯವಾಗಿ ಹೇಳುತ್ತೇನೆ. ಉಳಿಗಳನ್ನು ನೋಡಿ ಆರಿಸಬೇಕು. ಬೈರಿಗೆ ಬೇಡ.

ಹಿಂದಿನ ವರ್ಷದ ಆಟಿ ತಿಂಗಳ ಗಾಳಿಗೆ ಹಿತ್ತಿಲಿನ ಹಲಸಿನ ಮರ ಬಿದ್ದಿತ್ತು. ಮಿಲ್ಲಿನಲ್ಲಿ ಒಂದಿಂಚು ದಪ್ಪದ ಹಲಗೆ ಕೊಯ್ಯಿಸಿ, ನಡುನಡುವೆ ಅಡಿಕೆ ಸಲಾಕೆಯ ತುಂಡು ಇಟ್ಟು ಒಟ್ಟಿದ್ದೆ. ಇಂಚು ದಪ್ಪಕ್ಕೆ ಒಂದು ವರ್ಷ ಒಣಗಬೇಕು ಎಂಬುದು ಮರದವರ ಲೆಕ್ಕ. ಆ ವರ್ಷ ತುಂಬಿದ್ದರಿಂದ ಕೈ ಸುಮ್ಮನಿರಲಿಲ್ಲ.

ಕೀಸುಳಿಯ ಮಾದರಿ ನಂಬರ್ ನಾಲ್ಕು: ಎರಡು ಇಂಚು ಅಗಲದ ಅಲಗು, ಅದು ಕೂರುವ ಓರೆ 45 ಡಿಗ್ರಿ. ಅಮೆರಿಕದ ಲಿಯೊನಾರ್ಡ್ ಬೈಲಿ ರೂಪಿಸಿದ ವಿನ್ಯಾಸ ಇದು. 1869ರಲ್ಲಿ ಅವನ ಪೇಟೆಂಟುಗಳು ಸ್ಟಾನ್ಲಿ ಕಂಪೆನಿಯ ಕೈಸೇರಿದ ಮೇಲೆ ಲೋಕವೆಲ್ಲ ಹರಡಿತು. ನಮ್ಮ ಜಲಂಧರದಲ್ಲೂ ಇದೇ ಮಾದರಿಯನ್ನು ಎರಕ ಹೊಯ್ದು ಮಾಡುತ್ತಾರೆ. ಹಳೆಯದನ್ನು ಕೊಳ್ಳುವವನಿಗೆ ಇದರಿಂದ ದೊಡ್ಡ ಅನುಕೂಲವಿದೆ. ಅಲಗು ಸವೆದು ಮುಗಿದರೆ ಎರಡು ಇಂಚಿನ ಇನ್ನೊಂದು ಅಲಗು ಸಿಗುತ್ತದೆ, ಮೈ ಹಾಗೇ ಉಳಿಯುತ್ತದೆ. ಆದ್ದರಿಂದ ನೋಡಬೇಕಾದದ್ದು ಮೈಯನ್ನು. ಅಲಗು ಬಿಚ್ಚಿ, ಎರಡು ಬೆರಳಲ್ಲಿ ಹಗುರಾಗಿ ಹಿಡಿದು, ಬೀಗದ ಕೈಯಿಂದ ತಟ್ಟಿ. ಗಂಟೆಯಂತೆ ನಾದ ಬಂದರೆ ಒಳ್ಳೆಯದು. ಒಡೆದ ಮಡಕೆಯ ದನಿ ಬಂದರೆ ಎರಕ ಎಲ್ಲೋ ಬಿರುಕು ಬಿಟ್ಟಿದೆ, ಹೆಚ್ಚಾಗಿ ಅಲಗು ಹೊರಗೆ ಇಣುಕುವ ಬಾಯಿಯ ಆಸುಪಾಸಿನಲ್ಲಿ. ತುಕ್ಕಿಗೆ ಹೆದರಬೇಡಿ. ನಾನು ಹಿತ್ತಿಲಿನ ಬಿಂಬುಳಿಯ ಹುಳಿಕಾಯಿ ಜಜ್ಜಿ, ಆ ರಸದಲ್ಲಿ ಅಲಗನ್ನೂ ಸಣ್ಣ ಭಾಗಗಳನ್ನೂ ಒಂದು ರಾತ್ರಿ ನೆನೆಸಿದೆ. ಹಿತ್ತಾಳೆಯ ದೀಪ ಬೆಳಗುವ ಅದೇ ಹುಳಿ, ಅದರಲ್ಲಿರುವ ಆಕ್ಸಾಲಿಕ್ ಆಮ್ಲ ತುಕ್ಕನ್ನು ಬಿಡಿಸುತ್ತದೆ. ಬೆಳಿಗ್ಗೆ ತೆಂಗಿನ ನಾರಿನಿಂದ ಉಜ್ಜಿದಾಗ ಕಪ್ಪು ನೀರು ಹರಿದು ಕೆಳಗಿನ ಉಕ್ಕು ಕಂಡಿತು. ಕೂಡಲೇ ತೊಳೆದು ಒಣಗಿಸಿ ಎಣ್ಣೆ ಹಚ್ಚಬೇಕು. ಎರಡು ದಿನ ಮರೆತರೆ ಹುಳಿ ಉಕ್ಕನ್ನೂ ತಿನ್ನುತ್ತದೆ.

ಇಷ್ಟೆಲ್ಲ ಮಾಡಿಯೂ ಮೊದಲ ಎರಡು ವರ್ಷ ಈ ಕೀಸುಳಿ ನನ್ನನ್ನು ಅಳಿಸಿತು. ಹಲಸಿನ ನಾರು ಒಂದೇ ದಿಕ್ಕಿಗೆ ಓಡುವುದಿಲ್ಲ, ಒಂದು ಪಟ್ಟಿ ಆಚೆಗೆ, ಪಕ್ಕದ ಪಟ್ಟಿ ಈಚೆಗೆ. ಕೀಸಿದಾಗಲೆಲ್ಲ ಚಕ್ಕೆ ಕಿತ್ತುಬರುತ್ತಿತ್ತು, ನಾಲ್ಕು ಎಳೆತಕ್ಕೊಮ್ಮೆ ಬಾಯಿಯಲ್ಲಿ ಹೊಟ್ಟು ಸಿಕ್ಕಿಕೊಳ್ಳುತ್ತಿತ್ತು. ಹಳೆಯ ಮಾಲು ಹಳೆಯದೇ ಎಂದು ಅಟ್ಟಕ್ಕೆ ಹಾಕುವ ಮೊದಲು ಪಕ್ಕದ ಗುಡ್ಡೆಯ ಆಚಾರಿಯವರಲ್ಲಿಗೆ ಒಯ್ದೆ. ಐವತ್ತು ವರ್ಷ ಬಾಗಿಲು ದಾರಂದ ಮಾಡಿದ ಕೈ.

ಅವರು ಅಲಗನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದರು. “ಇಲ್ಲಿ ನೋಡಿ ಮಾಸ್ಟ್ರೇ, ಬಾಯಿಯಲ್ಲಿ ಬಿಳಿ ಗೆರೆ ಕಾಣುತ್ತದೆಯಲ್ಲ? ಅಷ್ಟು ಮೊಂಡು. ಹರಿತವಾದ ಬಾಯಿ ಕಣ್ಣಿಗೆ ಕಾಣಲೇಬಾರದು.” ನೋಡಿದೆ. ಕೂದಲೆಳೆಯಷ್ಟು ಸಪೂರದ ಬೆಳಕು ಅಂಚಿನುದ್ದಕ್ಕೂ ಮಿನುಗುತ್ತಿತ್ತು. ಎರಡು ವರ್ಷ ನಾನು ಅಲಗಿನ ತುದಿಗೆ ಮಸೆದ ಓರೆಯ ಹಿಂಭಾಗವನ್ನು ಹೊಳಪಿಸುತ್ತಿದ್ದೆ, ತುದಿ ಕಲ್ಲಿಗೆ ತಾಗುತ್ತಲೇ ಇರಲಿಲ್ಲ. ಅವರು ಕೋನ ಅಳೆಯುವುದಿಲ್ಲ. ಓರೆಯ ಉದ್ದ ಅಲಗಿನ ದಪ್ಪದ ಎರಡರಷ್ಟು ಇರಲಿ ಎನ್ನುತ್ತಾರೆ. ಮನೆಗೆ ಬಂದು ಲೆಕ್ಕ ಹಾಕಿದರೆ ಸರಿಯಾಗಿ 30 ಡಿಗ್ರಿ! ಅಂಚಿನ ಹಿಂಬದಿಗೆ ಬೆರಳಾಡಿಸಿದಾಗ ಉದ್ದಕ್ಕೂ ತರಿ ಸಿಗುವವರೆಗೆ ಮಸೆಯಬೇಕು, ಆಮೇಲೆ ತಿರುಗಿಸಿ ಆ ತರಿಯನ್ನು ತೆಗೆಯಬೇಕು.

ಮತ್ತೊಂದು ದೋಷವನ್ನೂ ಅವರೇ ಹಿಡಿದರು. ಅಲಗಿನ ಮೇಲೆ ಕೂರುವ ಎರಡನೆಯ ತಗಡಿದೆಯಲ್ಲ, ಅದಕ್ಕೂ ಅಲಗಿಗೂ ನಡುವೆ ಒಂದು ಮೂಲೆಯಲ್ಲಿ ಬೆಳಕು ತೂರುತ್ತಿತ್ತು. ಹೊಟ್ಟು ಹೋಗಿ ಸಿಕ್ಕಿಕೊಳ್ಳುತ್ತಿದ್ದುದು ಅಲ್ಲೇ. ತಗಡಿನ ಅಂಚನ್ನು ಕಲ್ಲಿನ ಮೇಲೆ ಸಮ ಮಾಡಿ, ಅಲಗಿನ ತುದಿಯಿಂದ ಅರ್ಧ ಮಿಲಿಮೀಟರಿನಷ್ಟು ಹಿಂದಕ್ಕೆ ಕೂರಿಸಿದೆ. ಆ ಸಂಜೆ ಹಲಗೆಯ ಮೇಲೆ ಮೊದಲ ಬಾರಿಗೆ ಒಂದೇ ಸುರುಳಿ ಉದ್ದಕ್ಕೆ ಎದ್ದುಬಂತು, ಹೊಸ ಹಲಸಿನ ಹಳದಿಯದು, ಆಚೆಗೆ ಹಿಡಿದರೆ ಬೆರಳು ಕಾಣುವಷ್ಟು ತೆಳುವು. ಹೆಂಡತಿಯನ್ನು ಕರೆದು ತೋರಿಸಿದೆ. ಕೀಸಿದ ಜಾಗಕ್ಕೆ ಕೈಯಿಟ್ಟು ಅವಳು, “ಇದಕ್ಕೆ ಪಾಲಿಶ್ ಕಾಗದ ಬೇಡವೇ ಬೇಡ” ಎಂದಳು.

ಗರಗಸದ ಕತೆ ಚಿಕ್ಕದು. ಅದಕ್ಕೂ ಮೊದಲು ಆನ್‌ಲೈನಿನಲ್ಲಿ ಒಂದು ಹೊಸ ಗರಗಸ ತರಿಸಿದ್ದೆ. ಎಂಟು ತಿಂಗಳು ಚೆನ್ನಾಗಿ ಕೊಯ್ದಿತು, ಮೊಂಡಾದ ಮೇಲೆ ಮುಗಿಯಿತು. ಅದರ ಹಲ್ಲಿನ ತುದಿಗಳು ನೀಲಿಗಪ್ಪು. ಕಾಯಿಸಿ ಗಡಸು ಮಾಡಿದ್ದರಿಂದ ಹಲ್ಲು ಮಸೆಯುವ ಅರ ಹಿಡಿಯುವುದಿಲ್ಲ, ಗಾಜಿನ ಮೇಲೆ ಜಾರಿದಂತೆ ಜಾರುತ್ತದೆ. ಗುಜರಿಯ ಗರಗಸಕ್ಕೆ ಮುಮ್ಮೂಲೆಯ ಅರ ಸಾಕು. ಒಂದು ಹಲ್ಲು ಎಡಕ್ಕೆ, ಮುಂದಿನದು ಬಲಕ್ಕೆ ಒಂದಿಷ್ಟೇ ಬಾಗಿಸುತ್ತ ಹೋದರೆ ಕೊಯ್ದ ಗಂಡಿ ತಗಡಿಗಿಂತ ಅಗಲವಾಗಿ, ಮರ ಹಿಡಿಯದೆ ಬಿಡುತ್ತದೆ. ಅಡ್ಡ ಕೊಯ್ಯಲು ಬೇಕಾದಂತೆ ಚೂರಿಯ ಹಾಗೆ ಓರೆಯಾಗಿ ಅರ ಹಾಕಿಕೊಂಡೆ; ಉದ್ದಕ್ಕೆ ಸೀಳುವ ಕೆಲಸವಿದ್ದರೆ ಮಿಲ್ಲಿಗೆ ಒಯ್ಯುತ್ತೇನೆ. ಇದುವರೆಗೆ ನಾಲ್ಕು ಸಲ ಅರ ಹಾಕಿದ್ದೇನೆ. ಎಸೆಯುವ ಮಾಲನ್ನೇ ಹೊಸದೆಂದು ಮಾರುವುದು ನನಗೆ ಈಗಲೂ ಒಪ್ಪಿಗೆಯಾಗದ ಸಂಗತಿ.

ಉಳಿಗಳಲ್ಲಿ ಅರ್ಧ ಇಂಚಿನದೂ ಒಂದಿಂಚಿನದೂ ಬಂಗಾರ. ಮುಕ್ಕಾಲು ಇಂಚಿನದು ಕೊಳ್ಳುವಾಗಲೇ ತುದಿಯಲ್ಲಿ ನೀಲಿ ಛಾಯೆ ಇತ್ತು, ನಾನು ಗಮನಿಸಲಿಲ್ಲ. ಯಾರೋ ಯಂತ್ರದ ಚಕ್ರಕ್ಕೆ ಒತ್ತಿ ಹಿಡಿದು ಸುಟ್ಟಿದ್ದರು. ಹಾಗೆ ಕಾದ ಉಕ್ಕು ಹದ ಕಳೆದುಕೊಳ್ಳುತ್ತದೆ. ತೇಗದ ಮೇಲೆ ನಾಲ್ಕು ಪೆಟ್ಟಿಗೆ ಬಾಯಿ ಮಡಚುತ್ತದೆ. ತೇಗದಲ್ಲಿ ಮರಳಿನಂಥ ಸಿಲಿಕಾ ಇರುವುದರಿಂದ ಒಳ್ಳೆಯ ಉಳಿಯನ್ನೂ ಅದು ಬೇಗ ತಿನ್ನುತ್ತದೆ, ಇನ್ನು ಸುಟ್ಟದ್ದರ ಪಾಡೇನು? ಅದನ್ನು ಈಗ ಬಣ್ಣದ ಡಬ್ಬಿ ತೆರೆಯಲು ಇಟ್ಟಿದ್ದೇನೆ. ಬೈರಿಗೆಯ ಚಕ್ರದಲ್ಲಿ ಒಂದು ಹಲ್ಲು ಮುರಿದಿದೆ, ತೂತು ಕೊರೆಯುವ ಸಪೂರ ಮುಳ್ಳುಗಳನ್ನು ಅದರ ಬಾಯಿ ಹಿಡಿಯುವುದೂ ಇಲ್ಲ. ಆ 350 ಹೋಯಿತು.

ಇವೆಲ್ಲದರ ನಿಜವಾದ ಪರೀಕ್ಷೆ ಮಳೆಗಾಲ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಈ ಜಿಲ್ಲೆಯಲ್ಲಿ ಜೂನ್ ತಿಂಗಳ ಒಂದು ರಾತ್ರಿ ಸಾಕು, ಬೆತ್ತಲೆ ಉಕ್ಕಿನ ಮೇಲೆ ಕೆಂಪು ಚುಕ್ಕೆ ಏಳಲು. ಕೊಬ್ಬರಿ ಎಣ್ಣೆಯ ಬಟ್ಟೆಯಲ್ಲಿ ಒರೆಸಿ, ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತೇನೆ. ಕೊಬ್ಬರಿ, ಹುಣಸೆಹುಳಿ ಇಡುವ ಬೆಚ್ಚನೆಯ ಜಾಗ ಅದು. ಬಳಸುವ ಮೊದಲು ಎಣ್ಣೆಯನ್ನು ಪೂರ್ತಿ ಒರೆಸಿ ತೆಗೆಯಬೇಕು, ಇಲ್ಲವಾದರೆ ಮರಕ್ಕೆ ತಾಗಿ ಅಂಟು ಹಿಡಿಯುವುದಿಲ್ಲ. ಮರವೂ ಮಳೆಗೆ ಉಬ್ಬುತ್ತದೆ. ಮಾರ್ಚಿನಲ್ಲಿ ನಾನು ಬಿಗಿಯಾಗಿ ಕೂರಿಸಿದ ಮೇಜಿನ ಸೆಳೆಖಾನೆ ಜುಲೈಯಲ್ಲಿ ಅಲುಗಾಡಲಿಲ್ಲ. ಈಗ ಎತ್ತರದಲ್ಲಿ ಒಂದು ನೂಲು, ಅಂದರೆ ಇಂಚಿನ ಎಂಟನೇ ಒಂದು ಪಾಲು, ಸಡಿಲ ಬಿಡುತ್ತೇನೆ.

ಆ ಹಲಸಿನಿಂದ ಇದುವರೆಗೆ ನಾಲ್ಕು ಊಟದ ಮಣೆ, ಒಂದು ಹೆರೆಮಣೆ, ಪುಸ್ತಕದ ಕಪಾಟು, ಕುಳಿ ತೋಡಿ ನಾಲಿಗೆ ಕೂರಿಸಿದ ಒಂದು ಸ್ಟೂಲು ಆಗಿವೆ. ಮೊದಲ ಮಣೆಯ ಹಳದಿ ಈಗ ಜೋನಿಬೆಲ್ಲದ ಬಣ್ಣಕ್ಕೆ ತಿರುಗಿದೆ.

ಕೊಂಡ ದಿನ ಕೀಸುಳಿಯ ಅಲಗಿನಲ್ಲಿ, ಸೀಳಿನ ಕೆಳಗೆ, ಒಂದೂವರೆ ಇಂಚು ಉಕ್ಕು ಉಳಿದಿತ್ತು. ಮೊನ್ನೆ ಅಳೆದೆ: ಒಂದೂಕಾಲು. ಆರು ವರ್ಷಕ್ಕೆ ಎರಡು ನೂಲು ಸವೆದಿದೆ.